ಮದ್ದಿನ ತೂಕ ಬಲ್ಲ ಖೆಡ್ಡಾ ಸಾಹೇಬ: ಜಾರ್ಜ್ ಸ್ಯಾಂಡರ್ಸನ್

ಮೈಸೂರಿನ ದಸರೆಗೂ ಆನೆಗೂ ಇರುವ ನಂಟು ಎಲ್ಲರಿಗೂ ಗೊತ್ತು. ಆದರೆ ಅರಮನೆಯ ಗಜಶಾಲೆಗೆ ದಶಕಗಳ ಕಾಲ ಆನೆಗಳನ್ನು ಒದಗಿಸಿದ ಖೆಡ್ಡಾ ಪದ್ಧತಿಯನ್ನು ಈ ಸೀಮೆಯಲ್ಲಿ ನೆಲೆಗೊಳಿಸಿದವರು ಯಾರೆಂಬುದು ಇಂದಿನ ನಗರವಾಸಿಗಳ ಪೈಕಿ ಕೆಲವರಿಗಷ್ಟೇ ತಿಳಿದಿದೆ. ಅವರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ನೀರಾವರಿ ಕಾಲುವೆಗಳ ಉಸ್ತುವಾರಿಗೆಂದು ನೇಮಕಗೊಂಡು, ಕೋವಿ ಹಿಡಿದು ಕಾಡು ಸುತ್ತಿ, ಕಡೆಗೆ ಆನೆ ಹಿಡಿಯುವ ಇಲಾಖೆಗೇ ಮುಖ್ಯಸ್ಥರಾದವರು. ರುಡ್ಯಾರ್ಡ್ ಕಿಪ್ಲಿಂಗ್ ತಮ್ಮ 'ಜಂಗಲ್ ಬುಕ್'ನಲ್ಲಿ ಚಿತ್ರಿಸಿದ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಇವರೇ ಮೂಲವೆಂದು ನಂಬಲಾಗಿದೆ.

ಅವರ ಬದುಕಿನ ಪೂರ್ವಾರ್ಧವೆಲ್ಲ ಕೋವಿಯದು. ಅವರು ಬೇಟೆ ಕಲಿತ ದಶಕವೂ ಸಾಮಾನ್ಯ ದಶಕವಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು ಗಜದಿಂದ ಜಡಿಯುತ್ತಿದ್ದ ಕೋವಿ ಹಿಂದೆ ಸರಿದು, ಹಿಂಬದಿಯಿಂದ ತೋಟಾ ಇಳಿಸುವ ಕೋವಿ ಮುಂದೆ ಬಂದ ಕಾಲವದು. ಆ ಪೀಳಿಗೆಯ ಬೇಟೆಗಾರನಿಗೆ ಗುರಿ ಹಿಡಿಯುವುದರ ಜೊತೆಗೆ ತನ್ನ ತೋಟಾವನ್ನು ತಾನೇ ತುಂಬುವ ವಿದ್ಯೆಯೂ ಬೇಕಾಯಿತು. ಸ್ಯಾಂಡರ್ಸನ್ ಅವರನ್ನು ಅರಿಯಲು ಈ ವಿದ್ಯೆಯನ್ನೂ ಸ್ವಲ್ಪ ಅರಿಯಬೇಕು.

ಕನ್ನಡ ಬಲ್ಲ ಪಾದ್ರಿಯ ಮಗ

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿಯೇ. ತಂದೆ ಡೇನಿಯಲ್ ಸ್ಯಾಂಡರ್ಸನ್ ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ಸಾಹಿತ್ಯದ ಚರಿತ್ರೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳನ್ನು ಒದಗಿಸಿ 1852ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದವರು ಅವರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಹಿಗ್ಗಿಸಿ 1858ರಲ್ಲಿ ಹೊರತಂದವರೂ ಅವರೇ. ತಂದೆ ಕನ್ನಡದ ಒಂದೊಂದು ಪದವನ್ನೂ ತೂಗಿ ನೋಡಿದರು. ಮಗ ಮುಂದೆ ಅದೇ ಶ್ರದ್ಧೆಯನ್ನು ಕಾಡಿನಲ್ಲಿ ತೋರಿದರು.

ಬಾಲಕ ಜಾರ್ಜ್ ಬೆಳೆದು ಓದಿದ್ದು ಇಂಗ್ಲೆಂಡಿನಲ್ಲಿ. 1864ರಲ್ಲಿ, ಹದಿನಾರರ ಪ್ರಾಯದಲ್ಲಿ, ಅವರು ಮೈಸೂರಿಗೆ ಮರಳಿದರು. ಸಂಸ್ಥಾನವು 1831ರಿಂದಲೂ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಆರಂಭದಲ್ಲಿ ಕಾಫಿ ತೋಟದ ಕೆಲಸ ನೋಡಿದ ಯುವಕ ಬೇಗನೆ ಅದನ್ನು ಬಿಟ್ಟು ಸರ್ಕಾರದ ನೀರಾವರಿ ಕೆಲಸಕ್ಕೆ ಸೇರಿದರು. ನದಿ ಕಾಲುವೆಗಳನ್ನು ಕಾಯುವ ಈ ನೌಕರಿ ಅವರ ಪಾಲಿಗೆ ವರವಾಯಿತು. ಕಾಲುವೆಯ ಏರಿಯ ಮೇಲೆ ಮೈಲಿಗಟ್ಟಲೆ ಸವಾರಿ, ರೈತರೊಡನೆ ಕನ್ನಡದಲ್ಲಿ ಮಾತುಕತೆ, ಸಂಜೆಗೆ ಕಾಡಂಚಿನ ಡೇರೆ ಅವರ ದಿನಚರಿಯಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ ಹೆಜ್ಜೆಯ ಜಾಡು ಓದುವುದನ್ನು ಕಲಿತರು. ಮುರಿದ ಬಿದಿರಿನ ಹಸಿತನ ಮತ್ತು ಲದ್ದಿಯ ಬಿಸಿ ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ಸಾಗಿದೆಯೆಂದು ಹೇಳಬಲ್ಲ ಜನ ಅವರು.

ತೋಟಾ ತುಂಬುವ ವಿದ್ಯೆ

ಸ್ಯಾಂಡರ್ಸನ್ ಮೈಸೂರಿಗೆ ಬಂದ ವರ್ಷಗಳಲ್ಲಿ ಹಿಂಬದಿಯಿಂದ ತುಂಬುವ ಕೋವಿ ಇನ್ನೂ ಹೊಸತು. ಬ್ರಿಟಿಷ್ ಸೇನೆಯ ಸ್ನೈಡರ್ ಕೋವಿಗಾಗಿ ಹಿತ್ತಾಳೆಯ ಬಾಕ್ಸರ್ ತೋಟಾ ಬಳಕೆಗೆ ಬಂದದ್ದು 1866ರಲ್ಲಿ. ಬೇಟೆಗಾರರ ಕೈಗೆ ಹಿತ್ತಾಳೆ ತೋಟಾ ಸಾಮಾನ್ಯವಾಗಿ ಸಿಗತೊಡಗಿದ್ದು ಆ ಬಳಿಕವೇ. ತೋಟಾ ಎಂದರೆ ಕೇಪು, ಮದ್ದು ಮತ್ತು ಗುಂಡು ಮೂರೂ ಒಂದೇ ಕೋಶದಲ್ಲಿ ಕೂಡಿರುವ ವ್ಯವಸ್ಥೆ. ಒಮ್ಮೆ ಹಾರಿಸಿದ ಮೇಲೆ ಗುಂಡೂ ಮದ್ದೂ ಮುಗಿಯುತ್ತವೆ, ಹಿತ್ತಾಳೆಯ ಕೋಶ ಉಳಿಯುತ್ತದೆ. ಲಂಡನ್ನಿನ ಅಂಗಡಿಯಿಂದ ಸಾವಿರಾರು ಮೈಲಿ ದೂರದ ಕಾಡಿನಲ್ಲಿ ಆ ಖಾಲಿ ಕೋಶವನ್ನು ಎಸೆಯುವುದು ದುಬಾರಿಯಾದ ಮಾತು. ಆದ್ದರಿಂದಲೇ ಆ ಕಾಲದ ಒಳ್ಳೆಯ ಕೋವಿ ಪೆಟ್ಟಿಗೆಗಳಲ್ಲಿ ಗುಂಡು ಎರಕ ಹೊಯ್ಯುವ ಅಚ್ಚು, ಮದ್ದಿನ ಅಳತೆಯ ಬಟ್ಟಲು, ಹಳೆಯ ಕೇಪು ಕೀಳುವ ಮತ್ತು ಹೊಸದನ್ನು ಕೂರಿಸುವ ಸಲಕರಣೆಗಳು ಕೋವಿಯ ಜೊತೆಗೇ ಬರುತ್ತಿದ್ದವು.

ಬೇಟೆಯ ರೈಫಲ್ಲುಗಳ ತೋಟಾಗಳಲ್ಲಿ ಬಹಳಷ್ಟು ನೇರ ಗೋಡೆಯವು. ಬುಡದಿಂದ ಬಾಯಿಯವರೆಗೂ ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆ. ಸೇನೆಗೆ 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್ಲಿನ ತೋಟಾ ಹಾಗಲ್ಲ. ಅದು ಸೀಸೆಯಂತೆ ಕೆಳಗೆ ದಪ್ಪ, ಕತ್ತಿನಲ್ಲಿ ಕಿರಿದು. ಕೈಯಿಂದ ತುಂಬುವವನಿಗೆ ನೇರ ಗೋಡೆಯದೇ ಸಲೀಸು. ತಿದ್ದಬೇಕಾದ ಕತ್ತು ಇರುವುದಿಲ್ಲ. ಮದ್ದು, ಅದರ ಮೇಲಿನ ಬಿರಡೆ, ಕಡೆಗೆ ಗುಂಡು ಎಲ್ಲವೂ ಒಂದೇ ದಾರಿಯಲ್ಲಿ ನೇರವಾಗಿ ಇಳಿಯುತ್ತವೆ.

ಸಲೀಸೆಂದರೆ ಉದಾಸೀನಕ್ಕೆ ಅವಕಾಶವಿತ್ತೆಂದು ಅರ್ಥವಲ್ಲ. ಕಪ್ಪು ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕದ ಮಿಶ್ರಣ. ಅದು ಉರಿದ ಮೇಲೆ ಕೋಶದೊಳಗೆ ಉಳಿಯುವ ಮಸಿ ತೇವವನ್ನು ಹೀರಿ ಹಿತ್ತಾಳೆಯನ್ನು ತಿನ್ನುತ್ತದೆ. ಹಾರಿಸಿದ ದಿನವೇ ಕೋಶಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಮುಂದಿನ ಸಲ ಅವು ನಂಬಿಕೆಗೆ ಅರ್ಹವಲ್ಲ. ಹಾರಿಸಿದ ಕೋಶ ಸ್ವಲ್ಪ ಉಬ್ಬಿರುತ್ತದೆ. ಅದನ್ನು ಮೊದಲಿನ ಅಳತೆಗೆ ತರದಿದ್ದರೆ ಕೋವಿಯ ಮನೆಯೊಳಗೆ ಕೂರುವುದಿಲ್ಲ. ಕೂತರೂ ಹೊರಬರುವಾಗ ಸಿಕ್ಕಿಕೊಳ್ಳುತ್ತದೆ. ಮದ್ದಿನ ಮೇಲೆ ಬಿರಡೆಯನ್ನು ಹದವಾಗಿ ಒತ್ತಿ, ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯದಂತೆ ನೋಡಿಕೊಳ್ಳಬೇಕು. ಉಳಿದರೆ ನಳಿಗೆಯೇ ಉಬ್ಬುವ ಅಪಾಯ. ಮೈಸೂರು ಸೀಮೆಯ ಮಳೆಗಾಲದಲ್ಲಿ ಮದ್ದಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದಿದ್ದರೂ ಸಾಕು, ಈಡು ಸತ್ತುಹೋಗುತ್ತಿತ್ತು.

ಗುರಿ ಹಲಗೆಯ ಪರೀಕ್ಷೆ

ತುಂಬಿದ ತೋಟಾ ಸರಿಯಿದೆಯೋ ಇಲ್ಲವೋ ಎಂಬುದನ್ನು ತಿಳಿಸುವುದು ಗುರಿ ಹಲಗೆ. ಒಂದೇ ಅಳತೆಯ ಮದ್ದು ಹಾಕಿದ ಕೆಲವು ತೋಟಾಗಳನ್ನು ಒಂದೇ ದೂರದಿಂದ ಹಾರಿಸಿ, ರಂಧ್ರಗಳು ಒತ್ತಟ್ಟಿಗೆ ಬಿದ್ದರೆ ತುಂಬಿದ ಕೈ ಸ್ಥಿರವಾಗಿದೆಯೆಂದು ಅರ್ಥ. ಚದುರಿದರೆ ಮದ್ದಿನ ತೂಕದಲ್ಲೋ, ಬಿರಡೆಯ ಒತ್ತಿನಲ್ಲೋ, ಗುಂಡಿನ ಎರಕದಲ್ಲೋ ತಪ್ಪಿದೆ. ಜೋಡು ನಳಿಗೆಯ ರೈಫಲ್ಲಿನಲ್ಲಿ ಈ ಪರೀಕ್ಷೆ ಮತ್ತೂ ಕಠಿಣ. ಎರಡು ನಳಿಗೆಗಳ ಗುಂಡುಗಳೂ ನಿರ್ದಿಷ್ಟ ದೂರದಲ್ಲಿ ಒಂದೇ ಬಿಂದುವಿನ ಬಳಿ ಬೀಳುವಂತೆ ಕಮ್ಮಾರನು ಅವನ್ನು ಹೊಂದಿಸಿರುತ್ತಾನೆ. ಆ ಹೊಂದಾಣಿಕೆ ನಿಜವಾಗುವುದು ಅವನು ಹೇಳಿದಷ್ಟೇ ಮದ್ದನ್ನು, ಅವನು ಹೇಳಿದಷ್ಟೇ ತೂಕದ ಗುಂಡಿನೊಡನೆ ತುಂಬಿದಾಗ ಮಾತ್ರ. ಚಿಟಿಕೆ ಹೆಚ್ಚು ಸುರಿದರೂ ಒಂದು ನಳಿಗೆ ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ಹೊಡೆಯತೊಡಗುತ್ತದೆ.

ಹಲಗೆಯ ಮುಂದೆ ಆದ ತಪ್ಪನ್ನು ತಿದ್ದಿಕೊಳ್ಳಬಹುದು, ಆನೆಯ ಮುಂದೆ ಆದ ತಪ್ಪಿಗೆ ತಿದ್ದುಪಡಿಯಿಲ್ಲ. ಆನೆಯ ಮಿದುಳು ಆ ಬೃಹತ್ ತಲೆಯ ಒಳಗೆ, ಜೇನುಗೂಡಿನಂತಹ ಮೂಳೆಯ ಹಿಂದೆ ಅಡಗಿದೆ. ಮೆದು ಸೀಸದ ಗುಂಡು ಆ ಮೂಳೆಯಲ್ಲೇ ಚಪ್ಪಟೆಯಾಗಿ ನಿಲ್ಲಬಹುದು. ಅದಕ್ಕಾಗಿ ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಡುಸುಗೊಳಿಸುತ್ತಿದ್ದರು. ಹೆಚ್ಚಿನ ಈಡುಗಳು ಹಾರುತ್ತಿದ್ದುದು ಕೆಲವೇ ಮಾರು ದೂರದಿಂದ. ಕಪ್ಪು ಮದ್ದಿನ ದಟ್ಟ ಹೊಗೆ ಬೇಟೆಗಾರನ ಕಣ್ಣನ್ನೇ ಕಟ್ಟುತ್ತಿತ್ತು. ಆ ಹೊಗೆಯ ಆಚೆ ಆನೆ ಬಿದ್ದಿದೆಯೋ, ಮೇಲೇರಿ ಬರುತ್ತಿದೆಯೋ ತಿಳಿಯದ ಆ ಕ್ಷಣದಲ್ಲಿ ಅವನನ್ನು ಕಾಯುತ್ತಿದ್ದುದು ಎರಡನೆಯ ನಳಿಗೆಯಲ್ಲಿದ್ದ ತೋಟಾ ಒಂದೇ.

ಈ ಲೆಕ್ಕಾಚಾರದ ಫಲವಾಗಿಯೇ ಸ್ಯಾಂಡರ್ಸನ್ ಆನೆ ಬೇಟೆಗೆ ಭಾರೀ ಕೋವಿಗಳತ್ತ ಹೊರಳಿ, ನಾಲ್ಕು ಬೋರಿನ ರೈಫಲ್ಲನ್ನು ನೆಚ್ಚಿಕೊಂಡರು. ಬೋರಿನ ಲೆಕ್ಕ ಸರಳ. ಒಂದು ಪೌಂಡು ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಉಂಡೆ ಗುಂಡುಗಳಾಗುತ್ತವೆಯೋ ಅಷ್ಟು ಬೋರು. ನಮ್ಮ ಊರುಗಳಲ್ಲಿ ಪರಿಚಿತವಾದ ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ, ನಾಲ್ಕು ಬೋರಿನ ಪೂರ್ಣ ಅಳತೆಯ ಗುಂಡು ಸುಮಾರು 113 ಗ್ರಾಂ. ಹನ್ನೆರಡು ಬೋರಿನ ಚರೆ ಕೋವಿಗೆ ಮೂರು ಡ್ರಾಂ, ಅಂದರೆ ಐದು ಗ್ರಾಂಗೆ ತುಸು ಹೆಚ್ಚು ಮದ್ದು ಸಾಕು. ನಾಲ್ಕು ಬೋರಿನ ರೈಫಲ್ಲಿಗೆ ಹನ್ನೆರಡು ಡ್ರಾಂ, ಅಂದರೆ ಸುಮಾರು 21 ಗ್ರಾಂ ತುಂಬುವುದು ರೂಢಿಯಲ್ಲಿತ್ತು. ಇಂತಹ ಕೋವಿಯ ತೂಕ ಏಳೆಂಟು ಕಿಲೋಗೆ ಕಡಿಮೆಯಿಲ್ಲ. ಅದರ ಒದೆತ ತಡೆಯುವುದು ಎಲ್ಲರ ಭುಜಕ್ಕೂ ಸಾಧ್ಯವಿರಲಿಲ್ಲ. ಯಾವ ಪ್ರಾಣಿಗೆ ಯಾವ ಕೋವಿ, ಎಷ್ಟು ಮದ್ದು, ಗುಂಡು ಎಷ್ಟು ಗಡುಸು ಎಂಬುದನ್ನು ಅವರು ಮುಂದೆ ತಮ್ಮ ಪುಸ್ತಕದಲ್ಲಿ ಸವಿವರವಾಗಿ ಚರ್ಚಿಸಿದರು. ಬೇಟೆಯನ್ನು ಶೌರ್ಯದ ಕಥೆಯಾಗಿ ಮಾತ್ರ ಹೇಳುತ್ತಿದ್ದ ಕಾಲದಲ್ಲಿ ಇದೊಂದು ಬೇರೆಯೇ ದೃಷ್ಟಿ.

ಕಾಕನಕೋಟೆಯ ಬಳಿ ದಾರಿಹೋಕರನ್ನು ಕೊಲ್ಲುತ್ತಿದ್ದ ಪುಂಡಾನೆ, ಚಾಮರಾಜನಗರದ ಸುತ್ತಲಿನ ಹಳ್ಳಿಗಳನ್ನು ನಡುಗಿಸಿದ್ದ ನರಭಕ್ಷಕ ಹೆಣ್ಣು ಹುಲಿ ಇವೆರಡೂ ಅವರ ಗುಂಡಿಗೆ ಬಲಿಯಾದವು. ಗಂಡಸರು ಹೊಲಕ್ಕೆ, ಹೆಂಗಸರು ನೀರಿಗೆ ಹೋಗಲು ಹೆದರುತ್ತಿದ್ದ ಹಳ್ಳಿಗಳಲ್ಲಿ ಅವರ ಕೋವಿ ಮೋಜಿನ ವಸ್ತುವಾಗಿ ಉಳಿಯಲಿಲ್ಲ.

ಕೋವಿ ಕೆಳಗಿಟ್ಟ ಬಗೆ

ಕಾಲುವೆಯ ನೌಕರಿ ಅವರಿಗೆ ಇನ್ನೊಂದು ಸತ್ಯವನ್ನೂ ತೋರಿಸಿತು. ಆನೆ ಹಿಂಡುಗಳು ರಾತ್ರೋರಾತ್ರಿ ಬೆಳೆಯನ್ನು ತುಳಿದು ಹೋಗುತ್ತಿದ್ದವು. ಆನೆಯನ್ನು ಕೊಂದರೆ ರೈತನ ಒಂದು ವರ್ಷದ ಬೆಳೆ ಉಳಿದೀತು. ಆದರೆ ಸರ್ಕಾರಕ್ಕೆ ಸಾಗಣೆಗೆ, ಮರ ಎಳೆಯುವುದಕ್ಕೆ, ಸೇನೆಗೆ ಬೇಕಾದ ಆನೆಯೂ ಅಲ್ಲೇ ಸಾಯುತ್ತಿತ್ತು. ನೆರೆಯ ಮದರಾಸು ಪ್ರಾಂತ್ಯ 1873ರಲ್ಲಿ ಕಾಡಾನೆಗಳ ರಕ್ಷಣೆಗೆ ಕಾಯ್ದೆ ತಂದಿತು. 1879ರಲ್ಲಿ ಬ್ರಿಟಿಷ್ ಭಾರತಕ್ಕೂ ಅಂತಹುದೇ ಕಾಯ್ದೆ ಬಂತು. ಕೊಲ್ಲುವ ಬದಲು ಹಿಡಿಯಬಾರದೇಕೆ ಎಂಬ ಪ್ರಶ್ನೆಯನ್ನು ಸ್ಯಾಂಡರ್ಸನ್ 1873ರ ವೇಳೆಗೆ ಸರ್ಕಾರದ ಮುಂದಿಟ್ಟರು.

ಒಪ್ಪಿಗೆ ಸಿಕ್ಕಿತಾದರೂ ನಂಬಿಕೆ ಸಿಗಲಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ಹೈದರಾಲಿಯೇ ಕಾಕನಕೋಟೆಯ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದನೆಂದೂ, ಮುಂದೆ ಪ್ರಯತ್ನಿಸುವವರಿಗೆ ಶಾಪ ಹಾಕಿ ಕಲ್ಲು ನಿಲ್ಲಿಸಿದ್ದನೆಂದೂ ಸ್ಥಳೀಯರು ಹೇಳುತ್ತಿದ್ದುದನ್ನು ಸ್ಯಾಂಡರ್ಸನ್ ದಾಖಲಿಸಿದ್ದಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಸ್ವತಃ ಅವರಾಗಲಿ, ಅವರ ಜೊತೆಯ ಜನರಾಗಲಿ ಹಿಂಡು ಹಿಡಿಯುವುದನ್ನು ಎಂದೂ ಕಂಡವರಲ್ಲ.

ಅವರ ಕೈ ಹಿಡಿದದ್ದು ಹಳೆಯ ಅಭ್ಯಾಸ. ಬೇಟೆಗಾಗಿ ವರ್ಷಗಟ್ಟಲೆ ಹಿಂಡುಗಳ ಬೆನ್ನು ಹತ್ತಿದ್ದ ಅವರಿಗೆ ಆನೆ ಎಲ್ಲಿ ನೀರು ಕುಡಿಯುತ್ತದೆ, ಯಾವ ಜಾಡಿನಲ್ಲಿ ಹೊಳೆ ದಾಟುತ್ತದೆ, ಯಾವ ಸದ್ದಿಗೆ ಬೆದರುತ್ತದೆ ಎಂಬುದು ತಿಳಿದಿತ್ತು. ಚಾಮರಾಜನಗರದ ಸಮೀಪ ಹೊನ್ನುಹೊಳೆಯ ಬಯಲನ್ನು ಅವರು ಆರಿಸಿಕೊಂಡರು. ಹಿಂಡನ್ನು ಸುತ್ತುವರಿಯಲು ನೂರಾರು ಹಳ್ಳಿಗರು ನೆರೆದರು. ಸುತ್ತಲೂ ಕಾವಲು, ಬೆಂಕಿ, ಕಂದಕ. ಒಳಗೆ ಗಟ್ಟಿ ಮರದ ಆವರಣ, ಅದಕ್ಕೆ ಮೇಲಿನಿಂದ ಬೀಳುವ ಬಾಗಿಲು. 1874ರ ಜೂನ್ ತಿಂಗಳಿನಲ್ಲಿ ಹಿಂಡು ಒಳಹೊಕ್ಕು ಬಾಗಿಲು ಬಿದ್ದಾಗ ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಯಾಗಿದ್ದವು. ಬಳಿಕ ಸಾಕಾನೆಗಳ ಮೇಲೆ ಕುಳಿತ ಮಾವುತರು ಒಳನುಗ್ಗಿ ಒಂದೊಂದಕ್ಕೂ ಹಗ್ಗ ಬಿಗಿದರು. ಯಾರಿಗೂ ಆಗದೆಂದಿದ್ದ ಕೆಲಸ ಕಾಲುವೆ ಅಧಿಕಾರಿಯೊಬ್ಬರಿಂದ ಆಯಿತು.

ಸುದ್ದಿ ಕಲ್ಕತ್ತೆಗೂ ಮುಟ್ಟಿತು. 1875ರಲ್ಲಿ ಅವರನ್ನು ಬಂಗಾಳಕ್ಕೆ ಕರೆಸಿಕೊಂಡು ಢಾಕಾದ ಖೆಡ್ಡಾ ವ್ಯವಸ್ಥೆಯ ಹೊಣೆ ವಹಿಸಲಾಯಿತು. ಚಿತ್ತಗಾಂಗಿನ ಬೆಟ್ಟಗಳಲ್ಲಿ ಅವರ ತಂಡ ಎಂಬತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಿತು. ಈ ಎಲ್ಲ ಅನುಭವವನ್ನು ಒಳಗೊಂಡ ಅವರ ಗ್ರಂಥ, ಭಾರತದ ವನ್ಯಮೃಗಗಳ ನಡುವಿನ ಹದಿಮೂರು ವರ್ಷಗಳ ಕಥನ, 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಮದ್ದು ತೂಗಿದ ಮನಸ್ಸು ಆ ಗ್ರಂಥದ ಪುಟಪುಟದಲ್ಲೂ ಕಾಣುತ್ತದೆ. ಆನೆಯ ಎತ್ತರದ ಬಗ್ಗೆ ಬೆಳೆದಿದ್ದ ಉತ್ಪ್ರೇಕ್ಷೆಗಳನ್ನು ಅವರು ಅಳತೆಯ ಮೂಲಕ ನಿರಾಕರಿಸಿದರು. ತಾವೇ ಅಳೆದ ಆನೆಗಳಲ್ಲಿ ಒಂದೂ ಭುಜದ ಬಳಿ ಹತ್ತಡಿ ಮುಟ್ಟಲಿಲ್ಲವೆಂದು ಬರೆದರು. ಆನೆಯ ಬುದ್ಧಿವಂತಿಕೆಯನ್ನು ಹೊಗಳುವ ಕಥೆಗಳಿಗಿಂತ ಅದರ ವಿಧೇಯತೆ ಮತ್ತು ಸಾಧು ಸ್ವಭಾವವೇ ಅದರ ನಿಜವಾದ ಹಿರಿಮೆ ಎಂಬುದು ಅವರ ಅಭಿಪ್ರಾಯ. ಕಂಡದ್ದನ್ನು ಅಳೆಯುವುದು, ಅಳೆದದ್ದನ್ನು ಮಾತ್ರ ಹೇಳುವುದು ಅವರ ಕ್ರಮ.

ಕಡೆಯ ವರ್ಷಗಳು, ಉಳಿದ ಪ್ರಶ್ನೆ

ಮೈಸೂರು ಸಂಸ್ಥಾನ 1881ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಕೈಗೆ ಮರಳಿತು. ಸ್ಯಾಂಡರ್ಸನ್ ಅವರ ಖೆಡ್ಡಾ ಅರಮನೆಯ ಆಸ್ಥೆಗೂ ಪಾತ್ರವಾಯಿತು. ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಮೈಸೂರಿಗೆ ಭೇಟಿ ನೀಡಿದಾಗ ಆನೆ ಹಿಡಿಯುವ ಕಾರ್ಯವನ್ನು ಅವರಿಗೆ ತೋರಿಸಲಾಯಿತು. ಗಣ್ಯರಿಗೆ ಖೆಡ್ಡಾ ತೋರಿಸುವುದು ಮುಂದೆ ಸಂಸ್ಥಾನದ ಪ್ರತಿಷ್ಠೆಯ ಸಂಪ್ರದಾಯವೇ ಆಯಿತು. ಅದರ ಉಚ್ಛ್ರಾಯವನ್ನು ಕಾಣಲು ಸ್ಯಾಂಡರ್ಸನ್ ಉಳಿಯಲಿಲ್ಲ. 1892ರ ಮೇ ತಿಂಗಳಲ್ಲಿ ಅವರು ಮದರಾಸಿನಲ್ಲಿ ನಿಧನರಾದರು. ವಯಸ್ಸು ನಲವತ್ತೈದನ್ನೂ ಮುಟ್ಟಿರಲಿಲ್ಲ. ಹೊಗೆಯಿಲ್ಲದ ಮದ್ದಿನ ಹೊಸ ರೈಫಲ್ಲುಗಳು ನಾಲ್ಕು ಬೋರಿನ ದೈತ್ಯರನ್ನು ಮೂಲೆಗೆ ಸರಿಸಿದ್ದು ಅವರ ಮರಣದ ನಂತರದ ದಶಕದಲ್ಲಿ.

ಸ್ಯಾಂಡರ್ಸನ್ ಅವರನ್ನು ಆನೆಗಳ ರಕ್ಷಕರೆಂದು ಕರೆದರೆ ಅರ್ಧ ಸತ್ಯವಾದೀತು. ಅವರ ಗುಂಡಿಗೆ ಬಿದ್ದ ಆನೆಗಳಿವೆ. ಖೆಡ್ಡಾ ಕೂಡ ನೋವಿಲ್ಲದ ಉಪಾಯವಾಗಿರಲಿಲ್ಲ. ಹಗ್ಗದ ಗಾಯದಿಂದ, ಗಾಬರಿಯಿಂದ, ತಾಯಿಯನ್ನಗಲಿ ಸತ್ತ ಆನೆಗಳೂ ಮರಿಗಳೂ ಆ ಲೆಕ್ಕದಲ್ಲಿ ಸೇರಿವೆ. ಮೈಸೂರಿನ ಕಡೆಯ ಖೆಡ್ಡಾ ಕಾಕನಕೋಟೆಯಲ್ಲಿ ನಡೆದದ್ದು 1971ರಲ್ಲಿ. ಆ ಪ್ರದೇಶದ ಬಹುಭಾಗ ಬಳಿಕ ಕಬಿನಿ ಜಲಾಶಯದ ನೀರಿನಡಿ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಯುಗಕ್ಕೆ ತೆರೆ ಎಳೆಯಿತು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಡೇರೆಯ ದೀಪದಡಿ ಸಾಹೇಬರು ತೋಟಾ ತುಂಬುತ್ತಿದ್ದ ಕಾಲ ಹೀಗೆ ಚರಿತ್ರೆಗೆ ಸಂದಿತು.

ಆದರೆ ಅವರು ಎದುರಿಸಿದ ಪ್ರಶ್ನೆ ಚರಿತ್ರೆಗೆ ಸಂದಿಲ್ಲ. ಚಾಮರಾಜನಗರ, ಹೆಗ್ಗಡದೇವನಕೋಟೆ, ಹುಣಸೂರಿನ ಕಾಡಂಚಿನಲ್ಲಿ ಬೆಳೆಗೆ ನುಗ್ಗುವ ಆನೆ ಮತ್ತು ನಿದ್ದೆಗೆಟ್ಟ ರೈತ ಇಬ್ಬರೂ ಇಂದಿಗೂ ಎದುರುಬದುರಾಗಿದ್ದಾರೆ. ಒಂದೂವರೆ ಶತಮಾನದ ಹಿಂದೆ ಕೋವಿಯಲ್ಲಿ ಪಳಗಿದ್ದ ಒಬ್ಬ ಅಧಿಕಾರಿ, ಕೋವಿ ಇದಕ್ಕೆ ಉತ್ತರವಲ್ಲವೆಂದು ಕಂಡುಕೊಂಡರು. ಅವರ ಉತ್ತರವೂ ಇಂದು ಒಪ್ಪಿಗೆಯಾಗದು. ಉತ್ತರ ಕೊಡುವ ಮುನ್ನ ಪ್ರಾಣಿಯನ್ನು ಕಂಡು, ಅದರ ಜಾಡು ಹಿಡಿದು, ಅಳೆದು ತೂಗಿ ತಿಳಿಯಬೇಕೆಂಬ ಅವರ ಶಿಸ್ತು ಮಾತ್ರ ಈಗಲೂ ಬೇಕಾಗಿರುವುದೇ.